ತನಿಯ ಹೊತ್ತಿಗೆ ಹೊರಡುವ ಬಸ್ಸು

ಕಳೆದ ಭಾದ್ರಪದದಲ್ಲಿ ಮೈಸೂರಿನ ಒಂದು ಸಭೆಯಲ್ಲಿ ನಡೆದ ಸಣ್ಣ ಸಂಗತಿಯೊಂದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಕಲ್ಯಾಣಿ ರಾಗದ ಆಲಾಪನೆ, ಅದಕ್ಕೆ ಪಿಟೀಲಿನ ಉತ್ತರ, ಕೃತಿ, ನೆರವಲ್, ಕಲ್ಪನಾಸ್ವರ ಎಲ್ಲವೂ ಮುಗಿದು, ಗಾಯಕಿ ಮೃದಂಗದವರ ಕಡೆಗೆ ತಿರುಗಿ ತಲೆಯಾಡಿಸಿದರು. ಇನ್ನು ತನಿ ಆವರ್ತನ, ಹಾಡು ನಿಂತು ಲಯವಾದ್ಯಗಳು ಮಾತ್ರ ನುಡಿಯುವ ಹೊತ್ತು. ಗೋಡೆಯ ಗಡಿಯಾರದಲ್ಲಿ ಎಂಟು ಮುಕ್ಕಾಲು. ನಾನು ಎರಡನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ, ನಡುದಾರಿಗೆ ಒತ್ತಿಕೊಂಡು ಕುಳಿತಿದ್ದೆ. ಹಾಗೆ ಕೂರುವುದರ ಹಿಂದೆಯೂ ಒಂದು ಲೆಕ್ಕಾಚಾರವಿದೆ. ಬೇಗ ಎದ್ದು ಹೋಗಬೇಕಾದವನು ಯಾರ ಮೊಣಕಾಲನ್ನೂ ದಾಟುವ ಹಾಗಿರಬಾರದು. ಎದ್ದೆ, ಚೀಲವನ್ನು ಹೆಗಲಿಗೇರಿಸಿದೆ, ವೇದಿಕೆಗೆ ಬೆನ್ನು ಹಾಕುವ ಮುನ್ನ ಒಮ್ಮೆ ಅತ್ತ ನೋಡಿದೆ. ಘಟ ನುಡಿಸುವವರ ಕಣ್ಣಿಗೆ ನನ್ನ ಕಣ್ಣು ಸಿಕ್ಕಿತು. ಅದರಲ್ಲಿ ಕೋಪವಿರಲಿಲ್ಲ, ಬೇಸರವೆನ್ನುವಂಥದ್ದೂ ಇರಲಿಲ್ಲ. ದೂರದಿಂದ ಬರುತ್ತಿರುವ ಬಸ್ಸು ತನ್ನ ಊರಿನದಲ್ಲವೆಂದು ತಿಳಿದ ಪ್ರಯಾಣಿಕ ಬೋರ್ಡಿನಿಂದ ಕಣ್ಣು ಹೊರಳಿಸುವ ಹಾಗೆ ಅವರು ಕಣ್ಣು ಹೊರಳಿಸಿದರು. ಘಟವನ್ನು ಹೊಟ್ಟೆಗೆ ಇನ್ನಷ್ಟು ಒತ್ತಿಕೊಂಡು, ಪಂಚೆಯ ಅಂಚಿನಲ್ಲಿ ಅಂಗೈ ಒರೆಸಿಕೊಂಡರು.

ಬಾಗಿಲಿನವರೆಗೆ ಹೋಗುವಷ್ಟರಲ್ಲಿ ನನ್ನ ಹಿಂದೆಯೇ ಇಪ್ಪತ್ತು ಮೂವತ್ತು ಜನ ಎದ್ದಿದ್ದರು. ಅದು ಸಮಾಧಾನ ಕೊಡಬೇಕಾಗಿತ್ತು, ಕೊಡಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ತನಿ ಆವರ್ತನವೆಂದರೆ ಕಾಫಿಗೆ ಸಿಕ್ಕ ಬಿಡುವು. ನನಗೆ ಅದು ಹಾಗಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ಬಂದಿದ್ದೆ.

ನಾನು ಇರುವುದು ಮಂಡ್ಯದಲ್ಲಿ. ಸಂಗೀತ ಕೇಳಬೇಕೆಂದರೆ 45 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು. ಕೇಳಿ ಮುಗಿಸಿ ಅದೇ ರಾತ್ರಿ ಮರಳಬೇಕು, ಬೆಳಿಗ್ಗೆ ಕಚೇರಿ. (ಈ ಕಚೇರಿ, ಆ ಕಛೇರಿ ಎಂಬ ಮಹಾಪ್ರಾಣದ ತಮಾಷೆಯನ್ನು ನನ್ನ ಸಹೋದ್ಯೋಗಿಗಳು ಹತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದಾರೆ.) ಹಿಂದೆ ಬೆಂಗಳೂರಿಗೆ ಹೋಗುವ ಯಾವುದಾದರೂ ಬಸ್ಸು ಹತ್ತಿದರೆ ಊರು ಸೇರುತ್ತಿದ್ದೆ. 2023ರಲ್ಲಿ ಹೊಸ ಹೆದ್ದಾರಿ ಬಂತು. ಅದು ಮಂಡ್ಯವನ್ನು ಪಕ್ಕಕ್ಕೆ ಸರಿಸಿ ಬೈಪಾಸಿನಲ್ಲಿ ಹಾಯ್ದುಹೋಗುತ್ತದೆ. ಈಗ ಸಬರ್ಬನ್ ಸ್ಟ್ಯಾಂಡಿನಲ್ಲಿ ನಿಂತು ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ "ಮಂಡ್ಯ ಒಳಗೆ ಹೋಗುತ್ತಾ?" ಎಂದು ಕೇಳಬೇಕು. ಒಳಗೆ ಹೋಗದ ಬಸ್ಸುಗಳೇ ಮೊದಲು ಹೊರಡುತ್ತವೆ. ಆದ್ದರಿಂದ ಒಂಬತ್ತೂವರೆಯೊಳಗೆ ನಿಲ್ದಾಣದಲ್ಲಿರಬೇಕೆಂಬುದು ನಾನೇ ಹಾಕಿಕೊಂಡ ನಿಯಮ. ಆರೂವರೆಗೋ ಆರು ಮುಕ್ಕಾಲಿಗೋ ಆರಂಭವಾಗುವ ಕಛೇರಿಯಲ್ಲಿ ಪ್ರಧಾನ ರಾಗ ಮುಗಿದು ತನಿಗೆ ಬರುವುದು ಸರಿಯಾಗಿ ಆ ಹೊತ್ತಿಗೇ. ಹಾಗಾಗಿ ನನ್ನ ಬಸ್ಸಿಗೂ ಲಯವಾದ್ಯಗಳಿಗೂ ವರ್ಷಗಳಿಂದ ಒಂದು ಹಗೆತನ ನಡೆದುಬಂದಿದೆ, ಪ್ರತಿ ಸಲವೂ ಗೆಲ್ಲುವುದು ಬಸ್ಸೇ.

ಏಳುವವರು

ಇಂದು ನಾವು ಕೇಳುವ ಕಛೇರಿಯ ಕ್ರಮವನ್ನು ಗಟ್ಟಿಗೊಳಿಸಿದವರು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರೆಂದು ಎಲ್ಲರೂ ಹೇಳುತ್ತಾರೆ. ವರ್ಣದಿಂದ ಆರಂಭಿಸಿ, ಚುರುಕಾದ ಒಂದೆರಡು ಕೃತಿಗಳಲ್ಲಿ ಸಭೆಯನ್ನು ಕಟ್ಟಿಕೊಂಡು, ನಡುವಿನಲ್ಲಿ ದೊಡ್ಡ ರಾಗವನ್ನು ಎತ್ತಿಕೊಂಡು, ಅದರ ಬೆನ್ನಿಗೆ ತನಿಯನ್ನು ಬಿಟ್ಟು, ಆಮೇಲೆ ದೇವರನಾಮ, ಜಾವಳಿ, ತಿಲ್ಲಾನಗಳಲ್ಲಿ ಹಗುರಾಗಿ ಮಂಗಳ ಹಾಡುವ ಈ ಜೋಡಣೆ ಕೇಳುಗನ ಮನಸ್ಸನ್ನು ಬಲ್ಲವರು ಮಾಡಿದ್ದು. ಮಂಗಳ ಹಾಡಿದ ಮೇಲೆ ತನಿ ನುಡಿಸಿ ಎಂದರೆ ಯಾರೂ ಕೂರುವುದಿಲ್ಲ. ಹೊಟ್ಟೆ ತುಂಬಿದವನಿಗೆ ಮತ್ತೆ ಅನ್ನ ಬಡಿಸಿದ ಹಾಗಾಗುತ್ತದೆ. ಆದರೆ ನಡುವಿನಲ್ಲಿ ಇಟ್ಟದ್ದರಿಂದ ಅದಕ್ಕೆ ಬೇರೊಂದು ತೊಂದರೆ ಒದಗಿತು. ದೊಡ್ಡ ರಾಗ ಮುಗಿಯಿತು, ದೇವರನಾಮಕ್ಕೆ ಇನ್ನೂ ಹೊತ್ತಿದೆ, ಈ ನಡುವೆ ಎದ್ದು ಹೋಗಿ ಬಂದರೆ ನಷ್ಟವೇನಿಲ್ಲ ಎಂಬ ಎಣಿಕೆಗೆ ಅದು ಸುಲಭವಾಗಿ ಒದಗುತ್ತದೆ.

ಏಳುವವರನ್ನು ಬೈಯುವುದು ಸುಲಭ, ಸಂಗೀತ ವಿಮರ್ಶಕರು ಅದನ್ನು ಬಹುಕಾಲದಿಂದ ಮಾಡುತ್ತಲೇ ಇದ್ದಾರೆ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ, ನಾನೂ ಅವರಲ್ಲಿ ಒಬ್ಬನಾಗಿದ್ದರಿಂದ ಮಾತ್ರವಲ್ಲ. ರಾಗ ಕೇಳಲು ಏನೂ ಗೊತ್ತಿರಬೇಕಾಗಿಲ್ಲ. ಅದು ಷಣ್ಮುಖಪ್ರಿಯವೋ ಸಿಂಹೇಂದ್ರಮಧ್ಯಮವೋ ತಿಳಿಯದಿದ್ದರೂ (ಪಕ್ಕದವರು ಕೇಳಿದಾಗ ನಾನು ಎರಡಕ್ಕೂ ಹೂಂಗುಟ್ಟಿದ್ದುಂಟು) ಆ ಸ್ವರಗಳು ಎಲ್ಲೋ ಒಳಗೆ ತಾಗಿ ತಮ್ಮ ಕೆಲಸ ಮಾಡಿಬಿಡುತ್ತವೆ. ಹಾಡಿಗಾದರೆ ಮಾತಿದೆ, ತೆಲುಗು ಸಂಸ್ಕೃತಗಳು ತಿಳಿಯದವರಿಗೂ ರಾಮ, ಕೃಷ್ಣ, ಅಂಬಾ ಎಂಬ ಹೆಸರುಗಳಾದರೂ ಕೈಗೆ ಸಿಗುತ್ತವೆ. ತನಿಯಲ್ಲಿ ರಾಗವೂ ಇಲ್ಲ, ಮಾತೂ ಇಲ್ಲ, ದೇವರ ಹೆಸರೂ ಇಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದವನಿಗೆ ಅದು ಬರೀ ಸದ್ದು, ಅದೂ ಹತ್ತು ಹದಿನೈದು ನಿಮಿಷದ ಸದ್ದು. ಕೊನೆಯಲ್ಲಿ ವೇಗ ಏರಿದಾಗ ಚಪ್ಪಾಳೆ ತಟ್ಟುವುದೊಂದೇ ಅವನ ಪಾಲಿಗೆ ಬರುವುದು. ಹಿಡಿಕೆಯಿಲ್ಲದ ಕೊಡವನ್ನು ಎಷ್ಟು ಹೊತ್ತು ಹೊತ್ತುಕೊಂಡು ನಿಲ್ಲಲಾದೀತು?

ಹಿಡಿಕೆ ಇದೆ ಎಂದು ನನಗೆ ತೋರಿಸಿದ್ದು ಒಂದು ಮಳೆ.

ಎಂಟನೇ ಕ್ರಾಸಿನ ಮಳೆ

ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವವನ್ನು ಮೈಸೂರಿನ ಸಂಗೀತಪ್ರಿಯರಿಗೆ ಪರಿಚಯಿಸಬೇಕಾಗಿಲ್ಲ. 1960ರ ದಶಕದಿಂದ ನಡೆದುಬಂದಿರುವ ಆ ಉತ್ಸವದಲ್ಲಿ ರಸ್ತೆಗೇ ಚಪ್ಪರ ಹಾಕಿ, ರಸ್ತೆಯಲ್ಲೇ ಕುರ್ಚಿ ಹರಡಿ, ಚೌತಿಯಿಂದ ಮೊದಲಾಗಿ ಕಛೇರಿಗಳ ಸಾಲು ನಡೆಯುತ್ತದೆ. ಹೆಸರಾಂತ ವಿದ್ವಾಂಸರು ಬಂದು ಹಾಡುತ್ತಾರೆ, ಕೇಳುವವರಿಗೆ ಟಿಕೆಟ್ಟಿಲ್ಲ. ಜಗನ್ಮೋಹನ ಅರಮನೆಯ ಸಭಾಂಗಣದಲ್ಲೋ ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲೋ ಕುಳಿತು ಕೇಳುವುದಕ್ಕೂ ಇಲ್ಲಿ ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ನಾವು ಸಂಗೀತದ ಮನೆಗೆ ಹೋಗುತ್ತೇವೆ, ಇಲ್ಲಿ ಸಂಗೀತ ನಮ್ಮ ಬೀದಿಗೆ ಬಂದು ಕೂತಿರುತ್ತದೆ. ಅಕ್ಕಪಕ್ಕದ ಮನೆಗಳ ಜಗಲಿಯಲ್ಲಿ ಹುರುಳಿಕಾಯಿ ಸೋಸುತ್ತಾ ಕೇಳುವವರಿರುತ್ತಾರೆ. ಹಿಂದಿನ ರಸ್ತೆಯಲ್ಲಿ ಸ್ಕೂಟರು ಹಾರನ್ ಹೊಡೆಯುತ್ತದೆ. ಗಾಯಕರು ಮಂದ್ರಸ್ಥಾಯಿಗೆ ಇಳಿದಾಗ ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ಇವೆಲ್ಲ ಸೇರಿಯೂ ಅಲ್ಲಿ ಕೇಳಿದಷ್ಟು ಗಮನವಿಟ್ಟು ನಾನು ಬೇರೆಲ್ಲೂ ಕೇಳಿಲ್ಲ. ಇದು ಹೇಗೆ ಸಾಧ್ಯವೆಂದು ಹಲವು ಸಲ ಯೋಚಿಸಿದ್ದೇನೆ. ಪೂರ್ತಿ ಮೌನವಿರುವ ಸಭಾಂಗಣದಲ್ಲಿ ಕಿವಿ ಸೋಮಾರಿಯಾಗುತ್ತದೆಯೋ ಏನೋ. ಸದ್ದಿನ ನಡುವೆ ಬೇಕಾದ್ದನ್ನು ಆರಿಸಿಕೊಳ್ಳಬೇಕಾದಾಗ ಅದು ಎದ್ದು ಕೂರುತ್ತದೆ.

ಹನ್ನೆರಡು ವರ್ಷದ ಹಿಂದಿನ ಆ ಸಂಜೆ ತನಿ ಆರಂಭವಾಗುವ ಹೊತ್ತಿಗೆ ಎಂದಿನಂತೆ ಎದ್ದೆ. ಅದೇ ಗಳಿಗೆಗೆ ಮಳೆ ಹಿಡಿಯಿತು. ಭಾದ್ರಪದದ ಮಳೆಗೆ ಮುನ್ಸೂಚನೆ ಇರುವುದಿಲ್ಲ. ಚಪ್ಪರದ ತಗಡಿನ ಮೇಲೆ ಯಾರೋ ಚೀಲಗಟ್ಟಲೆ ಜೋಳ ಸುರಿದ ಹಾಗೆ ಒಮ್ಮೆಲೇ ಬಿತ್ತು. ಅಂಚಿನಲ್ಲಿ ಕುಳಿತಿದ್ದವರು ಕುರ್ಚಿಗಳನ್ನು ಎಳೆದುಕೊಂಡು ಒಳಕ್ಕೆ ಸರಿದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಮಾಸಲು ಬಿಳಿಯ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ನನ್ನನ್ನು ನೋಡಿ ಕೇಳಿದರು.

"ಏನ್ರೀ, ಬಸ್ಸಾ?"

"ಹೌದು ಸಾರ್. ಮಂಡ್ಯಕ್ಕೆ ಹೋಗ್ಬೇಕು."

"ಈ ಮಳೇಲಿ ಯಾವ ಆಟೋದವನು ಬರ್ತಾನೆ? ಕೂತ್ಕೊಳ್ಳಿ. ಮೃದಂಗದವರು ಪಾಪ ಈಗ ತಾನೇ ಕೈ ಬೆಚ್ಚಗೆ ಮಾಡ್ಕೋತಿದಾರೆ."

ಕೂತೆ. ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಎಲ್ಲರಂತೆ ತಾಳಕ್ಕೆಂದು ತೊಡೆಯ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದೆ. ಅದು ತಾಳವಲ್ಲ, ಚಳಿಗೆ ಕೈ ನಡುಗುವ ಹಾಗೆ ಒಂದು ಅಭ್ಯಾಸ.

"ಎಂಟರ ತನಕ ಎಣಿಸೋಕೆ ಬರುತ್ತಲ್ವ ನಿಮಗೆ?"

ನನ್ನ ಕೆಲಸವೇ ಲೆಕ್ಕಪತ್ರ ಬರೆಯುವುದು. ಆದರೂ ಆ ಪ್ರಶ್ನೆಗೆ ಉತ್ತರಿಸಲು ಒಂದು ಕ್ಷಣ ಹಿಂಜರಿದೆ.

"ಆದಿತಾಳ. ಒಂದು ಪೆಟ್ಟು, ಮೂರು ಬೆರಳು. ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಅಷ್ಟೇ ವಿದ್ಯೆ. ಅವರು ಏನೇ ಮಾಡ್ಲಿ, ನೀವು ಎಣಿಕೆ ಬಿಡ್ಬೇಡಿ. ದಾರಿ ತಪ್ಪಿಸೋಕೇ ನೋಡ್ತಾರೆ, ತಪ್ಪಿಸ್ಕೊಳ್ಳಬೇಡಿ."

"ತಪ್ಪಿಸ್ಕೊಂಡ್ರೆ?"

"ಹಾಡೋರ ಕೈ ನೋಡಿ ಮತ್ತೆ ಹಿಡ್ಕೊಳ್ಳಿ. ಇಲ್ಲಿ ಯಾರೂ ಬಯ್ಯೋರಿಲ್ಲ."

ಕಿರುಬೆರಳು, ಅನಾಮಿಕೆ, ಮಧ್ಯದ ಬೆರಳು ಎಂದು ಅವರು ತಮ್ಮ ತೊಡೆಯ ಮೇಲೆ ಒಂದೊಂದಾಗಿ ಊರಿ ತೋರಿಸಿದರು. ಅವರ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅದು ಮೇಲೆದ್ದೇ ಇರುತ್ತಿತ್ತು, ಎಣಿಕೆ ಬಂದಾಗ ಸುಮ್ಮನೆ ಒಮ್ಮೆ ಅದುರುತ್ತಿತ್ತು, ಅದೇ ಅದರ ಎಣಿಕೆ. (ನಮ್ಮ ಸೀಮೆಯಲ್ಲಿ ತೊಡೆ ತಟ್ಟುವುದೆಂದರೆ ಗರಡಿಯವರು ಎದುರಾಳಿಯನ್ನು ಕುಸ್ತಿಗೆ ಕರೆಯುವುದು. ಆ ದಿನದ ಮಟ್ಟಿಗೆ ಅರ್ಥ ಬಹಳ ದೂರವೇನೂ ಇರಲಿಲ್ಲ.) ಮೊದಲ ಎರಡು ಆವರ್ತನ, ಅಂದರೆ ತಾಳದ ಎರಡು ಪೂರ್ತಿ ಸುತ್ತು, ಸುಲಭವಾಗಿ ಹೋಯಿತು. ಮೃದಂಗದವರು ನಿಧಾನವಾಗಿ, ನಾಲ್ಕರ ನಡೆಯಲ್ಲಿ, ನನ್ನಂಥವನಿಗಾಗಿಯೇ ಎಂಬಂತೆ ನುಡಿಸುತ್ತಿದ್ದರು. ಆಮೇಲೆ ಎಲ್ಲಿಂದಲೋ ಮೂರು ಬಂತು, ಐದು ಬಂತು. ಪೆಟ್ಟು ಬೀಳಬೇಕೆಂದು ನನ್ನ ಕೈ ಕೆಳಗಿಳಿದಾಗ ಅಲ್ಲಿ ಸದ್ದೇ ಇಲ್ಲ. ಹುಸಿಯ ಖಾಲಿ ಜಾಗದಲ್ಲಿ ಮೃದಂಗದ ಎಡಮುಖ, ತೊಪ್ಪಿ, ಗುಮ್ಮೆಂದಿತು. ಕೈ ತಬ್ಬಿಬ್ಬಾಯಿತು, ಗಾಯಕರ ಕೈ ನೋಡಿದೆ, ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ತಗಡಿನ ಮೇಲಿನ ಮಳೆ ತನ್ನದೇ ಲೆಕ್ಕದಲ್ಲಿ ನಡೆದಿತ್ತು. ಹೀಗೆ ಐದಾರು ಸಲ ಬಿದ್ದೆದ್ದು, ಏಳನೆಯ ಸಲ, ಮೃದಂಗವೂ ಘಟವೂ ಒಟ್ಟಾಗಿ ಎಲ್ಲೆಲ್ಲೋ ಸುತ್ತಿ ಒಂದೇ ಗುಕ್ಕಿನಲ್ಲಿ ಇಳಿದು ಬಂದಾಗ ನನ್ನ ಅಂಗೈ ತೊಡೆಗೆ ಬಿದ್ದ ಪೆಟ್ಟೂ ಅವರ ಕೊನೆಯ ಪೆಟ್ಟೂ ಒಂದೇ ಆದವು. ನನಗೆ ಅರಿವಿಲ್ಲದೆ "ಆಹಾ" ಎಂದೆ. ಹಿರಿಯರು ನನ್ನ ಕಡೆ ನೋಡಲೂ ಇಲ್ಲ. ತಮ್ಮ ಮಡಚದ ಬೆರಳನ್ನು ಅದುರಿಸುತ್ತಾ ಮುಂದಿನ ಆವರ್ತನಕ್ಕೆ ಹೋಗಿದ್ದರು.

ತನಿ ಮುಗಿದ ಮೇಲೆ ಅವರು ಕಾರ್ಯಕ್ರಮದ ಆಹ್ವಾನ ಪತ್ರಿಕೆಯನ್ನು ಮಗುಚಿ, ಅದರ ಬೆನ್ನಿಗೆ ಪೆನ್ನಿನಲ್ಲಿ ಒಂದು ಲೆಕ್ಕ ಬರೆದು ಕೊಟ್ಟರು. ಎಂಟು ಎಣಿಕೆ, ಎಣಿಕೆಗೆ ನಾಲ್ಕು ಮಾತ್ರೆಯಂತೆ ಒಂದು ಆವರ್ತನಕ್ಕೆ 32. 'ತದಿಗಿಣತೊಂ' ಎಂಬ ಐದಕ್ಷರದ ಜತಿಯನ್ನು ಮೂರು ಸಲ ನುಡಿಸಿದರೆ 15. 32ರಲ್ಲಿ 15 ಕಳೆದರೆ 17. ಅಂದರೆ ಮೊದಲ ನಾಲ್ಕು ಎಣಿಕೆ ಪೂರ್ತಿ ಬಿಟ್ಟು, ಐದನೆಯದರಲ್ಲಿ ಒಂದೇ ಒಂದು ಮಾತ್ರೆ ಕಳೆದು ಹೊರಟರೆ ಮೂರನೆಯ 'ತೊಂ' ಮುಗಿಯುತ್ತಲೇ ಸಮ, ಅಂದರೆ ಮುಂದಿನ ಆವರ್ತನದ ಮೊದಲ ಪೆಟ್ಟು, ಎದುರಿಗಿರುತ್ತದೆ. ಆ ಒಂದು ಮಾತ್ರೆ ತಪ್ಪಿದರೆ ಇಡೀ ಮುಕ್ತಾಯವೇ ತಪ್ಪುತ್ತದೆ. "ಇದು ಬಾಲಪಾಠ. ಅವರು ಮಾಡಿದ್ದು ಇದಲ್ಲ, ಇದರ ಮುತ್ತಾತ," ಎಂದು ನಕ್ಕರು. ಇಪ್ಪತ್ತು ವರ್ಷ ಜಮಾ ಖರ್ಚು ಬರೆದವನಿಗೆ ಇದು ಎಷ್ಟು ಹತ್ತಿರದ ಸಂಗತಿಯೆಂದು ಹೇಗೆ ವಿವರಿಸಲಿ! ಶಿಲ್ಕು ಕೂಡಿಬರಬೇಕಾದ್ದು ಗೊತ್ತು, ಯಾವ ದಾರಿಯಲ್ಲಿ ಕೂಡಿಬರುತ್ತದೆಂಬುದು ಮಾತ್ರ ಕೊನೆಯ ಸಾಲಿನವರೆಗೆ ತಿಳಿಯದು. ವ್ಯತ್ಯಾಸವೆಂದರೆ ನಮಗೆ ರಬ್ಬರು, ವೈಟ್ನರು ಇವೆ. ಅವರು ಅದನ್ನು ಸಾವಿರ ಜನರ ಮುಂದೆ, ತಿದ್ದಲು ಅವಕಾಶವೇ ಇಲ್ಲದಂತೆ ಬರೆಯುತ್ತಾರೆ.

ಆ ರಾತ್ರಿ ಕುವೆಂಪುನಗರದ ಅಕ್ಕನ ಮನೆಯಲ್ಲಿ ಉಳಿದೆ. ಮುಂದಿನ ಮೂರ್ನಾಲ್ಕು ವರ್ಷ ಅದೇ ಪದ್ಧತಿಯಾಯಿತು; ಕಛೇರಿ, ಅಕ್ಕನ ಮನೆ, ಬೆಳಗಿನ ರೈಲು. ಮಿಶ್ರಛಾಪು ತಾಳದ ಏಳನ್ನೂ ಖಂಡಛಾಪು ತಾಳದ ಐದನ್ನೂ ಹಿಡಿಯಲು ಆಗಲೇ ಕಲಿತದ್ದು. ಸಮದಲ್ಲಲ್ಲದೆ ಒಂದೂವರೆ ಎಣಿಕೆ ಕಳೆದು ಎತ್ತುಗಡೆಯಾಗುವ (ಹಾಡು ಶುರುವಾಗುವ) ಕೃತಿಗಳಲ್ಲಿ ಮುಕ್ತಾಯ ಸಮಕ್ಕೆ ಬಾರದೆ ಆ ಎತ್ತುಗಡೆಗೇ ಬಂದು ಇಳಿಯುತ್ತದೆಂಬ ಗುಟ್ಟು ತಿಳಿದ ದಿನ ಮಲಗಿದಾಗಲೂ ಬೆರಳು ಮಡಚುತ್ತಿದ್ದೆ. ಆಮೇಲೆ ಅಕ್ಕ ಮಗನ ಜೊತೆ ಬೆಂಗಳೂರಿಗೆ ಹೋದಳು. ನಾನು ಮತ್ತೆ ನಡುದಾರಿಯ ಕುರ್ಚಿಗೆ ಬಂದೆ.

ಹಾಡುವವರ ಕೈ

"ಹಾಡೋರ ಕೈ ನೋಡಿ" ಎಂದು ಆ ಹಿರಿಯರು ಹೇಳಿದ್ದು ದಾರಿ ತಪ್ಪಿದವನಿಗೆ ಕೈಮರವಾಗಲೆಂದು. ನನಗೆ ಅದು ಬೇರೆಯೇ ಒಂದು ಚಾಳಿಯಾಯಿತು. ತನಿಯ ಹೊತ್ತಿನಲ್ಲಿ ಗಾಯಕರು ಏನು ಮಾಡುತ್ತಾರೆಂಬುದನ್ನು ನೋಡುತ್ತೇನೆ. ಅಷ್ಟು ಹೊತ್ತು ವೇದಿಕೆಯ ನಡುವಿನಲ್ಲಿದ್ದವರು ಆ ಹದಿನೈದು ನಿಮಿಷ ಕೇಳುಗರಾಗುತ್ತಾರೆ, ಎಲ್ಲ ಕೇಳುಗರಿಗಿಂತ ಮುಂದಿನ ಸಾಲಿನಲ್ಲಿ ಕುಳಿತ ಕೇಳುಗರು. ಕೆಲವರು ಅದನ್ನು ಬಿಡುವೆಂದು ತಿಳಿಯುತ್ತಾರೆ. ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾರೆ, ಪಿಟೀಲಿನವರ ಕಿವಿಯಲ್ಲಿ ಏನೋ ಹೇಳಿ ನಗುತ್ತಾರೆ, ಮುಂದಿನ ಹಾಡಿನ ಚೀಟಿ ನೋಡುತ್ತಾರೆ. ಒಬ್ಬರು ಮೊಬೈಲನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಸಂದೇಶ ಓದುತ್ತಿದ್ದುದನ್ನು ಕಂಡಿದ್ದೇನೆ. ಕೈ ಮಾತ್ರ ತನ್ನ ಪಾಡಿಗೆ ಸುಮಾರಾಗಿ ತಾಳ ಹಾಕುತ್ತಿರುತ್ತದೆ. ಇನ್ನು ಕೆಲವರು ಪೂರ್ತಿ ಪಕ್ಕಕ್ಕೆ ತಿರುಗಿ, ಮೃದಂಗದವರಿಗೂ ಘಟದವರಿಗೂ ಕಾಣುವ ಹಾಗೆ ಕೈಯನ್ನು ಎತ್ತಿ ಹಿಡಿದು, ಒಂದೊಂದು ಪೆಟ್ಟನ್ನೂ ಅಳೆದು ಹಾಕುತ್ತಾರೆ. ಅವರು ಎಷ್ಟು ಚೆನ್ನಾಗಿ ಹಾಡಿದರು ಎಂಬುದಕ್ಕಿಂತ ಹೀಗೆ ಕೈ ಹಿಡಿದು ಕೂತದ್ದೇ ನನಗೆ ಹೆಚ್ಚು ನೆನಪಿರುತ್ತದೆ. ಲಯವಾದ್ಯದವರು ತಾಳವನ್ನು ಬಿಟ್ಟು ದೂರ ದೂರ ಹೋಗಲು ಧೈರ್ಯ ಬರುವುದು ಮನೆಯ ಬಾಗಿಲಲ್ಲಿ ಯಾರೋ ದೀಪ ಹಿಡಿದು ನಿಂತಿದ್ದಾರೆಂಬ ನಂಬಿಕೆಯಿಂದ. ಹಿಂದೆ ಕುಳಿತ ನಾವು ನೂರಿನ್ನೂರು ಜನ ತೊಡೆಯ ಮೇಲೆ ಹಾಕುವ ತಾಳವೂ ಅಂಥದ್ದೇ ಸಣ್ಣ ದೀಪವಿರಬಹುದು, ಅವರಿಗೆ ಅದು ಕಾಣಲಿ, ಕಾಣದಿರಲಿ.

ಈಗಿನ ಕಛೇರಿಗಳಲ್ಲಿ ತನಿಗೆ ಇರುವ ಇನ್ನೊಂದು ಶತ್ರು ಮೈಕು. ಈ ಮಾತು ಹೇಳುವಾಗ ನನಗೆ ಅಳುಕಿದೆ, ಏಕೆಂದರೆ ಕೊನೆಯ ಸಾಲಿಗೆ ಕೇಳಿಸಬೇಕೆಂಬ ಆಸೆ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಮೈಕು ಬರುವ ಮುನ್ನ ಅದಕ್ಕಾಗಿ ತಮ್ಮ ಪಿಟೀಲನ್ನೇ ಬದಲಿಸಿಕೊಂಡವರು ತಿರುಮಕೂಡಲಿನ ಚೌಡಯ್ಯನವರು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು, ನಾದ ತುಂಬಿ ಬರಲೆಂದು. ಇನ್ನೊಂದು ತುದಿಯಲ್ಲಿ ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್, ಮೈಕೇ ಬೇಡವೆಂದು ಹಟ ಹಿಡಿದವರು. ಇಬ್ಬರೂ ನಾದಕ್ಕಾಗಿಯೇ ಹಾಗೆ ಮಾಡಿದರು, ಇಬ್ಬರದೂ ಸರಿ ಎಂದೇ ನನಗೆ ತೋರುತ್ತದೆ. ಆದರೆ ಈಗ ಮೃದಂಗದ ಎರಡು ಮುಖಕ್ಕೂ ಒಂದೊಂದು ಮೈಕು, ಘಟಕ್ಕೆ ಒಂದು, ಎಲ್ಲವನ್ನೂ ಮೇಲೇರಿಸಿ ಕುಳಿತ ಧ್ವನಿವರ್ಧಕದ ಹುಡುಗನೊಬ್ಬ. ತೊಪ್ಪಿಯ ಮೇಲೆ ಅಂಗೈಯನ್ನು ಜಾರಿಸಿದಾಗ ಏಳುವ ಪಾರಿವಾಳದ ಗುಟುರಿನಂಥ ಸದ್ದನ್ನು ಮೃದಂಗದವರು 'ಗುಮ್ಕಿ' ಎನ್ನುತ್ತಾರೆ. ಅದು ದೊಡ್ಡ ಸ್ಪೀಕರಿನಲ್ಲಿ ಪಕ್ಕದ ರಸ್ತೆಯ ಕಾರಿನಿಂದ ಬರುವ ದಬದಬದ ಹಾಗೆ ಎದೆಗೆ ಗುದ್ದುತ್ತದೆ. ಬಲಮುಖದ ನಡುವಿನ ಕರಣೆಯ (ಕಪ್ಪು ಬೊಟ್ಟಿನ) ಮೇಲೆ ಬೀಳುವ ಪೆಟ್ಟಿಗೂ ಅಂಚಿನ ಮೀಟಿಗೂ ಇರುವ ಅಂತರವೇ ಅಳಿಸಿಹೋಗುತ್ತದೆ. ಎದ್ದು ಹೋಗುವವರಲ್ಲಿ ನಾಲ್ಕು ಜನರಾದರೂ ಕಿವಿ ಉಳಿಸಿಕೊಳ್ಳಲು ಏಳುತ್ತಾರೆಂದರೆ ಅವರನ್ನು ತಪ್ಪೆನ್ನಲಾರೆ.

ದಸರೆಯಲ್ಲಿ ಅರಮನೆಯ ಮುಂದೆ ಒಮ್ಮೆ ಕೇಳಿದ್ದುಂಟು. ಆಲಾಪನೆಯ ನಡುವೆ ಅರಮನೆಯ ದೀಪಗಳು, ಲಕ್ಷದ ಸಮೀಪವಿರುವ ಬಲ್ಬುಗಳು, ಒಮ್ಮೆಲೇ ಹೊತ್ತಿಕೊಂಡವು; ಮೈದಾನವೆಲ್ಲ ಹೋ ಎಂದಿತು, ಎಲ್ಲರ ಮೊಬೈಲೂ ಅತ್ತ ತಿರುಗಿತು. ಗಾಯಕರು ಎತ್ತಿದ್ದ ಸ್ವರವನ್ನು ಅಲ್ಲೇ ನಿಲ್ಲಿಸಿ, ತಾವೂ ಕತ್ತು ತಿರುಗಿಸಿ ದೀಪ ನೋಡಿ, ಮುಗುಳ್ನಕ್ಕು ಮುಂದುವರಿಸಿದರು. ಅಲ್ಲಿ ತನಿಗೆ ಯಾರೂ ಏಳಲಿಲ್ಲ. ಏಳುವವರೆಲ್ಲ ದೀಪದ ಹೊತ್ತಿಗೇ ಎದ್ದಾಗಿತ್ತು.

ರಾಮನವಮಿ

ಈ ಸಲದ ಚೈತ್ರದಲ್ಲಿ ಒಂದು ನಿರ್ಧಾರ ಮಾಡಿ ಹೊರಟೆ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ರಾಮೋತ್ಸವದ ಕಛೇರಿ. ಆ ಮಂದಿರದ ಒಳಗೆ ಕಾಲಿಟ್ಟಾಗಲೆಲ್ಲ ಒಬ್ಬ ಗಾಯಕ ತನ್ನ ಗಳಿಕೆಯನ್ನು ಮನೆಗೆ, ಹೊಲಕ್ಕೆ ಹಾಕದೆ ರಾಮನಿಗೂ ಸಂಗೀತಕ್ಕೂ ಒಂದೇ ಸೂರು ಕಟ್ಟಿದನಲ್ಲ ಎನ್ನಿಸುತ್ತದೆ. ಚೌಡಯ್ಯನವರು ಇವರ ಶಿಷ್ಯರೇ. ನಡುದಾರಿಯ ಜಾಗ ಖಾಲಿಯಿದ್ದರೂ ಬಿಟ್ಟು, ನಾಲ್ಕು ಜನರನ್ನು ದಾಟಿ ಗೋಡೆಯ ಪಕ್ಕಕ್ಕೆ ಹೋಗಿ ಕುಳಿತೆ, ಎದ್ದರೆ ನಾಚಿಕೆಯಾಗುವಂಥ ಜಾಗದಲ್ಲಿ. ಖರಹರಪ್ರಿಯ ರಾಗ, ಆದಿತಾಳ, ಎರಡು ಕಳೆ, ಎಂದರೆ ಒಂದೊಂದು ಎಣಿಕೆಯೂ ಇಮ್ಮಡಿ. ತನಿ ಇಪ್ಪತ್ತು ನಿಮಿಷಕ್ಕೂ ಮೇಲೆ ನಡೆಯಿತು. ನಾನು ಮೂರು ಸಲ ತಾಳ ಬಿಟ್ಟೆ, ಮೂರು ಸಲವೂ ಗಾಯಕರ ಕೈಯಿಂದ ಹಿಡಿದುಕೊಂಡೆ. ಎಂಟು ಮುಕ್ಕಾಲಾದದ್ದು, ಒಂಬತ್ತಾದದ್ದು ಗೊತ್ತಾಗಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತಿತ್ತು. ಗೊತ್ತಾಯಿತು, ಎರಡು ಸಲ ಗಡಿಯಾರ ನೋಡಿದೆ, ಆ ಮೂರರಲ್ಲಿ ಎರಡು ಸಲ ತಾಳ ತಪ್ಪಿದ್ದು ಅದರಿಂದಲೇ.

ಮಂಗಳವಾದ ಮೇಲೆ ಪಾನಕ, ಕೋಸಂಬರಿ ಹಂಚಿದರು. ಬಸ್ಸಿನ ಆಸೆ ಬಿಟ್ಟಿದ್ದರಿಂದ ಅವಸರವಿರಲಿಲ್ಲ. ದೊನ್ನೆ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಂತೆ. ಮೃದಂಗದವರು ಹಳೆಯ ಪತ್ರಿಕೆಯೊಂದನ್ನು ಹಾಸಿ, ವಾದ್ಯವನ್ನು ಅದರ ಮೇಲೆ ಓರೆಯಾಗಿ ಹಿಡಿದು, ತೊಪ್ಪಿಗೆ ಮೆತ್ತಿದ್ದ ರವೆಯ ಕಣಕವನ್ನು ಉಗುರಿನಿಂದ ಬಿಡಿಸುತ್ತಿದ್ದರು. ಕಛೇರಿಗೆ ಮುನ್ನ ಎಡಮುಖಕ್ಕೆ ಹೀಗೆ ರವೆ ಮೆತ್ತಿ ನಾದವನ್ನು ಕೆಳಗಿಳಿಸುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಮೂರು ಗಂಟೆಯ ಬಡಿತಕ್ಕೆ ಅದು ಬೆರಳುಗಳ ಅಚ್ಚು ಬಿದ್ದು, ಅಂಚಿನಲ್ಲಿ ಒಣಗಿ, ನಡುವಿನಲ್ಲಿ ಇನ್ನೂ ಹಸಿಯಾಗಿತ್ತು. ಬಿಡಿಸಿದ ಚೂರುಗಳನ್ನು ಪತ್ರಿಕೆಯಲ್ಲಿ ಮಡಚಿ, ಒದ್ದೆ ಬಟ್ಟೆಯಿಂದ ಚರ್ಮವನ್ನು ಒರೆಸಿ, ಒಮ್ಮೆ ಬೆರಳಿನಿಂದ ಮೀಟಿ ನೋಡಿದರು. ನಾನು ಹತ್ತಿರ ಹೋಗಿ, ಬಹಳ ಚೆನ್ನಾಗಿತ್ತು ಸಾರ್ ಎಂದೆ. ಎಲ್ಲಿಂದ ಬಂದಿರಿ ಎಂದು ಕೇಳಿದರು. ಮಂಡ್ಯವೆಂದ ಕೂಡಲೇ ಪಕ್ಕದಲ್ಲಿ ಘಟಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವರು ತಲೆಯೆತ್ತಿದರು. "ನಾವು ಬೆಂಗಳೂರಿಗೆ ಹೋಗೋರು. ಕಾರಲ್ಲಿ ಒಂದು ಜಾಗ ಇದೆ, ಬನ್ನಿ ಸಾರ್. ಆದ್ರೆ ಒಂದು ಘಟ ಮಡಿಲಲ್ಲಿ ಇಟ್ಕೋಬೇಕಾಗುತ್ತೆ."

ಘಟಕ್ಕೆ ಮೃದಂಗದ ಹಾಗೆ ಕಲ್ಲಿನಿಂದ ತಟ್ಟಿ ಶ್ರುತಿ ಏರಿಸಿ ಇಳಿಸುವ ಅನುಕೂಲವಿಲ್ಲ, ಬೆಂದಾಗ ಬಂದ ಶ್ರುತಿಯೇ ಅದರ ಶ್ರುತಿ. ಹಾಗಾಗಿ ಹಾಡುವವರ ಶ್ರುತಿಗೆ ಹೊಂದಲೆಂದು ಎರಡು ಮೂರನ್ನು ಹೊತ್ತು ತಿರುಗಬೇಕು. ಡಿಕ್ಕಿಯಲ್ಲಿ ಮೃದಂಗಗಳೂ ಪೆಟ್ಟಿಗೆಗಳೂ ತುಂಬಿದ್ದವು. ಹಿಂದಿನ ಸೀಟಿನಲ್ಲಿ ಘಟದವರೊಂದು, ನಾನೊಂದು ಮಡಿಲಲ್ಲಿಟ್ಟುಕೊಂಡು ಕುಳಿತೆವು. ನಾನು ಎಣಿಸಿದ್ದಕ್ಕಿಂತ ಅದು ಬಹಳ ಭಾರ. ತಮಿಳುನಾಡಿನ ಮಾನಾಮಧುರೆಯದಂತೆ, ನೀರಿಡುವ ಗಡಿಗೆಗಿಂತ ಗೋಡೆ ದಪ್ಪ. ಶ್ರೀರಂಗಪಟ್ಟಣ ದಾಟಿದ ಮೇಲೆ, ಕತ್ತಲಿನ ಧೈರ್ಯದಲ್ಲಿ, ತಿಂಗಳುಗಳಿಂದ ಕೊರೆಯುತ್ತಿದ್ದುದನ್ನು ಬೇರೆಯವರ ಸಂಗತಿಯೆಂಬಂತೆ ಕೇಳಿದೆ.

"ತನಿ ಹೊತ್ತಿಗೆ ಜನ ಎದ್ದು ಹೋಗ್ತಾರಲ್ಲ, ನಿಮಗೆ ಅಲ್ಲಿಂದ ಕಾಣುತ್ತಾ?"

ಅವರು ಸ್ವಲ್ಪ ಯೋಚಿಸಿದರು. "ಮುಖ ಕಾಣಲ್ಲ ಸಾರ್. ಲೈಟು ಕಣ್ಣಿಗೇ ಹೊಡೀತಿರುತ್ತೆ, ಮುಂದೆ ಎಲ್ಲ ಕಪ್ಪಗೆ. ಕುರ್ಚಿ ಸದ್ದು ಕೇಳುತ್ತೆ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಕಬ್ಬಿಣದ ಕುರ್ಚಿ ಆದ್ರೆ ತಾಳಕ್ಕೆ ಅಡ್ಡ ಬರುತ್ತೆ. ಪ್ಲಾಸ್ಟಿಕ್ ಆದ್ರೆ ಪರವಾಗಿಲ್ಲ," ಎಂದರು.

ಹಾಗಾದರೆ ಆ ಭಾದ್ರಪದದಲ್ಲಿ ಆ ಇನ್ನೊಬ್ಬರು ನನ್ನನ್ನು ನೋಡಿಯೇ ಇರಲಿಲ್ಲವೇನೋ. ಬೆಳಕಿನ ಆಚೆಯ ಕಪ್ಪನ್ನು ಒಮ್ಮೆ ದಿಟ್ಟಿಸಿ ಕಣ್ಣು ಹೊರಳಿಸಿದ್ದಿರಬಹುದು. ಅದು ಯಾವ ಕುರ್ಚಿ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಕಬ್ಬಿಣದ್ದೇ.

ಕಾರು ಉಬ್ಬು ಹತ್ತಿಳಿದಾಗಲೆಲ್ಲ ನನ್ನ ಮಡಿಲಿನ ಘಟದೊಳಗಿನ ಗಾಳಿ ಬಟ್ಟೆಯ ಸುತ್ತಿನೊಳಗೇ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅದರ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಊರೊಳಗೆ ಬಂದು ಬಿಡುತ್ತೇವೆಂದು ಅವರು ಎಷ್ಟು ಹೇಳಿದರೂ ಒಪ್ಪದೆ, ಬೈಪಾಸು ಸೀಳುವ ಕಡೆ ನಿಲ್ಲಿಸಿ ಎಂದೆ. ಹನ್ನೊಂದು ದಾಟಿತ್ತು. ಇಳಿದ ಮೇಲೆ ಘಟವನ್ನು ಎಲ್ಲಿಡುವುದೆಂದು ತಿಳಿಯದೆ ನಾನು ಕ್ಷಣ ನಿಂತದ್ದನ್ನು ನೋಡಿ, "ಸೀಟ್ ಮೇಲೇ ಇಡಿ ಸಾರ್," ಎಂದರು. ಇಟ್ಟೆ, ಅದು ಉರುಳದಂತೆ ಸೀಟು ಬೆಲ್ಟನ್ನು ಸುತ್ತಿ ಹಾಕಿ, ಕ್ಲಿಪ್ಪು ಕೂತಿತೇ ಎಂದು ಒಮ್ಮೆ ಎಳೆದು ನೋಡಿ, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದೆ.